ಎರಡು ಸ್ಕ್ಯಾನಿಂಗ್ ಸೆಂಟರ್ ಮೆಟ್ಟಿಲು ಹತ್ತಿದ ಮೇಲೆ: ನನ್ನ ಥೈರಾಯ್ಡ್ ಸ್ಕ್ಯಾನ್ ರಿವ್ಯೂ

ಹೋದ ವಾರ ಮೈಸೂರಲ್ಲಿ, ಕುವೆಂಪುನಗರದ ಕಡೆ ಇರೋ ಒಂದು ಚಿಕ್ಕ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎರಡನೇ ಸಲ ಕುತ್ತಿಗೆ ಸ್ಕ್ಯಾನ್ (ಅಲ್ಟ್ರಾಸೌಂಡ್) ಮಾಡಿಸ್ಕೊಂಡು ಬಂದೆ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಹೆಸರು ಬರೀತಿಲ್ಲ, ಯಾಕಂದ್ರೆ ಇದಕ್ಕೂ ಮೊದಲು ಹೋಗಿದ್ದ ಇನ್ನೊಂದು ಸೆಂಟರ್ ವಿಷಯನೂ ಹೇಳ್ಲೇಬೇಕು, ಒಂದರ ಹೆಸರು ಹಾಕಿದ್ರೆ ಇನ್ನೊಂದು ಯಾವ್ದು ಅಂತ ಜನ ಊಹೆ ಮಾಡೋಕೆ ಶುರು ಮಾಡ್ತಾರೆ. ಅದಲ್ದೆ ನೀವು ಹಾಸನದಲ್ಲಿರಿ, ಹುಬ್ಬಳ್ಳೀಲಿರಿ, ನಿಮ್ಮೂರ ಸೆಂಟರ್‌ಗೆ ಹೋದಾಗ ಏನು ಗಮನಿಸ್ಬೇಕು ಅಂತ ಗೊತ್ತಾದ್ರೆ ಅದೇ ಉಪಯೋಗ. ನನಗೆ ಆಗ ಯಾರೂ ಹೇಳಿರ್ಲಿಲ್ಲ, ಹೇಳಿದ್ರೆ ಒಂಬತ್ತು ದಿನದ ನಿದ್ದೆ ಉಳೀತಿತ್ತು.

ಶುರುವಾಗಿದ್ದು ನಮ್ಮತ್ತೆ ಕಣ್ಣಿಂದ. ಹೋದ ವರ್ಷ ಒಂದು ಮದುವೆ ಮನೇಲಿ ಊಟಕ್ಕೆ ಕೂತಾಗ ನಾನು ನೀರು ಕುಡೀತಿದ್ದೆ, ಎದುರುಗಡೆ ಸಾಲಲ್ಲಿದ್ದ ಅತ್ತೆ ನೋಡ್ತಾನೇ ಇದ್ರು, ಕೈ ತೊಳ್ಯೋ ಹತ್ರ ಬಂದು "ಏನಮ್ಮಾ, ನೀನು ನುಂಗಿದಾಗ ಸರದ ಮೇಲೆ ಏನೋ ಉಬ್ಬಿಕೊಂಡು ಮೇಲೆ ಹೋಗಿ ಕೆಳಗೆ ಬರುತ್ತಲ್ಲ, ಇನ್ನೊಂದ್ಸಲ ನೀರು ಕುಡಿ ನೋಡೋಣ" ಅಂದ್ರು. ಮನೆಗೆ ಬಂದು ಕನ್ನಡಿ ಮುಂದೆ ನಿಂತು ನೋಡಿದ್ರೆ ಹೌದು, ಬಲಗಡೆ ಒಂದು ಕಡ್ಲೆಕಾಯಿ ಬೀಜದಷ್ಟು. ನುಂಗಿದಾಗ ಗಂಟು ಮೇಲೆ ಕೆಳಗೆ ಓಡಾಡಿದ್ರೆ ಅದು ಸಾಮಾನ್ಯವಾಗಿ ಕುತ್ತಿಗೆ ಮುಂಭಾಗದಲ್ಲಿರೋ ಥೈರಾಯ್ಡ್ ಗ್ರಂಥಿಗೆ ಸೇರಿದ್ದು ಅಂತ ಆಮೇಲೆ ನಮ್ಮ ಫ್ಯಾಮಿಲಿ ಡಾಕ್ಟ್ರು ಹೇಳಿದ್ರು, ಅವರೂ ಮಾಡಿದ್ದು ಅದನ್ನೇ, ಹಿಂದೆ ನಿಂತು ಎರಡೂ ಕೈ ಬೆರಳು ಕುತ್ತಿಗೆ ಮೇಲಿಟ್ಟು "ಉಗುಳು ನುಂಗಿ" ಅಂದ್ರು. ಆಮೇಲೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ, ಜೊತೆಗೆ ಕುತ್ತಿಗೆ ಸ್ಕ್ಯಾನ್ ಬರ್ಕೊಟ್ರು.

ಟಿಎಸ್‌ಎಚ್ ನಾರ್ಮಲ್ ಬಂತು. ಮನೆಯವರು "ಥೈರಾಯ್ಡ್ ನಾರ್ಮಲ್ ಅಂತ ಬಂದಿದ್ಯಲ್ಲ, ಸ್ಕ್ಯಾನ್ ಯಾಕೆ" ಅಂದ್ರು. ತುಂಬಾ ಜನ ಹೀಗೇ ಅಂದ್ಕೊಂಡು ಬಿಟ್ಬಿಡ್ತಾರೆ. ರಕ್ತ ಪರೀಕ್ಷೆ ಗ್ರಂಥಿ ಎಷ್ಟು ಕೆಲಸ ಮಾಡ್ತಿದೆ ಅಂತ ಹೇಳುತ್ತೆ, ಸ್ಕ್ಯಾನ್ ಗ್ರಂಥಿ ನೋಡೋಕೆ ಹೇಗಿದೆ ಅಂತ ಹೇಳುತ್ತೆ, ಒಂದರ ಬದಲು ಇನ್ನೊಂದು ಆಗಲ್ಲ. ಗಂಟಿದ್ರೂ ಟಿಎಸ್‌ಎಚ್ ಚೆನ್ನಾಗೇ ಇರ್ಬಹುದು. ಅದೇ ಥರ ಉಲ್ಟಾನೂ ನಿಜ, ನನ್ನ ಫ್ರೆಂಡ್ ಒಬ್ಬಳಿಗೆ ಟಿಎಸ್‌ಎಚ್ ಜಾಸ್ತಿ, ಮಾತ್ರೆ ತಗೋತಾಳೆ, ಕುತ್ತಿಗೆ ಮುಟ್ಟಿದ್ರೆ ಏನೂ ಇಲ್ಲ, ಆದ್ರೂ ಆರಾರು ತಿಂಗಳಿಗೆ ಸ್ಕ್ಯಾನ್ ಮಾಡಿಸ್ತಿದ್ಲು. ಅವಳ ಮಾತ್ರೆ ಡೋಸ್ ಹೇಳೋದು ರಕ್ತ ಪರೀಕ್ಷೆ, ಸ್ಕ್ಯಾನ್ ಅಲ್ಲ. ಗಂಟು ಇಲ್ದೆ ಬರೀ ಟಿಎಸ್‌ಎಚ್ ಹೆಚ್ಚು ಕಮ್ಮಿ ಇದ್ರೆ ಸುಮ್ಸುಮ್ನೆ ಸ್ಕ್ಯಾನ್ ಬೇಡ ಅಂತ ಅವಳ ಹೊಸ ಡಾಕ್ಟ್ರೇ ನಿಲ್ಲಿಸಿದ್ರು.

ಮೊದಲು ಹೋಗಿದ್ದು ದೊಡ್ಡ ಸೆಂಟರ್, ಗಾಜಿನ ಬಾಗಿಲು, ಟೋಕನ್ ಮಿಷಿನ್, ಎಲ್ಲಾ ಇದೆ. ಫೋನಲ್ಲಿ ಕೇಳಿದ್ದಕ್ಕೆ "ಖಾಲಿ ಹೊಟ್ಟೇಲಿ ಬನ್ನಿ ಮೇಡಂ" ಅಂದ್ರು, ನಾನು ಕಾಫೀನೂ ಕುಡೀದೆ ಎಂಟು ಗಂಟೆಗೆ ಹೋಗಿ ಕೂತೆ, ನನ್ನ ನಂಬರ್ ಬಂದಿದ್ದು ಹನ್ನೊಂದೂವರೆಗೆ, ತಲೆ ಸುತ್ತೋಕೆ ಶುರುವಾಗಿತ್ತು. ಆಮೇಲೆ ಗೊತ್ತಾಯ್ತು, ಥೈರಾಯ್ಡ್ ಸ್ಕ್ಯಾನ್‌ಗೆ ಉಪವಾಸನೂ ಬೇಡ, ನೀರು ಕುಡ್ಕೊಂಡು ಮೂತ್ರ ಕಟ್ಕೊಂಡು ಕೂರೋದೂ ಬೇಡ, ಅದೆಲ್ಲ ಹೊಟ್ಟೆ ಸ್ಕ್ಯಾನ್‌ಗೆ. ತಿಂಡಿ ತಿನ್ಕೊಂಡು, ದಿನಾ ತಗೊಳ್ಳೋ ಬಿಪಿ ಶುಗರ್ ಮಾತ್ರೆ ತಗೊಂಡೇ ಹೋಗಿ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಬ್ರು ನನ್ನ ಥರಾನೇ ಕುತ್ತಿಗೆ ಸ್ಕ್ಯಾನ್‌ಗೆ ಅಂತಲೇ ಶುಗರ್ ಮಾತ್ರೆನೂ ಬಿಟ್ಟು ಬಂದಿದ್ರು, ಅದು ನೆನಪಾದ್ರೆ ಈಗ್ಲೂ ಬೇಜಾರಾಗುತ್ತೆ.

ಒಳಗೆ ಸ್ಕ್ಯಾನ್ ಮೂರು ನಿಮಿಷ ಅಷ್ಟೇ. ತಲೆ ಕೆಳಗಿದ್ದ ದಿಂಬನ್ನ ಹಾಗೇ ಬಿಟ್ರು, ಕುತ್ತಿಗೆ ಹಿಂದಕ್ಕೆ ಬಾಗಲೇ ಇಲ್ಲ. ಡಾಕ್ಟ್ರು ಒಂದು ಕೈಲಿ ಫೋನ್ ಮಾತಾಡ್ತಾ ಇನ್ನೊಂದು ಕೈಲಿ ನೋಡಿದ್ರು, ಪಕ್ಕದ ಹುಡುಗಿಗೆ ಏನೋ ಹೇಳಿದ್ರು, ಅವಳು ಟೈಪ್ ಮಾಡಿದ್ಲು. ರಿಪೋರ್ಟಲ್ಲಿ ಇದ್ದಿದ್ದು ಇಷ್ಟು: ಬಲಗಡೆ ಲೋಬ್‌ನಲ್ಲಿ (ಗ್ರಂಥಿಯ ಬಲ ಹೋಳಲ್ಲಿ) 18 ಮಿಲಿಮೀಟರ್ ನಾಡ್ಯೂಲ್ (ಗಂಟು), ಎಫ್‌ಎನ್‌ಎಸಿ (ಸೂಜಿ ಪರೀಕ್ಷೆ) ಮಾಡಿಸಿ. ಅಷ್ಟೇ. ಗಟ್ಟಿನೋ, ನೀರು ತುಂಬಿದ್ಯೋ, ಅಂಚು ಹೇಗಿದೆ, ಒಂದೂ ಇಲ್ಲ. "ಇದು ಕ್ಯಾನ್ಸರ್ರಾ ಸರ್" ಅಂತ ಕೇಳಿದ್ದಕ್ಕೆ "ನಿಮ್ ಡಾಕ್ಟ್ರಿಗೆ ತೋರಿಸಿ" ಅಂದ್ರು. ತಜ್ಞರ ಅಪಾಯಿಂಟ್‌ಮೆಂಟ್ ಸಿಗೋಕೆ ಒಂಬತ್ತು ದಿನ. ಆ ಒಂಬತ್ತು ದಿನ ನಾನು ಮಗಳ ಜಡೆ ಹೆಣೀತಾ ಇವಳಿಗೆ ಮುಂದೆ ಯಾರು ಹೆಣೀತಾರೆ ಅಂತ ಯೋಚ್ನೆ ಮಾಡ್ತಿದ್ದೆ.

ಎಂಡೋಕ್ರೈನಾಲಜಿ (ಹಾರ್ಮೋನ್ ಗ್ರಂಥಿಗಳ) ಡಾಕ್ಟ್ರು ರಿಪೋರ್ಟ್ ನೋಡಿ ಪಕ್ಕಕ್ಕಿಟ್ರು. "ಇದ್ರಲ್ಲಿ ಸೂಜಿ ಹಾಕ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋಕೆ ನನಗೆ ಏನೂ ಇಲ್ಲಮ್ಮ, ಇನ್ನೊಂದ್ಸಲ ಸರಿಯಾಗಿ ಸ್ಕ್ಯಾನ್ ಮಾಡಿಸಿ, ಟೈರಾಡ್ಸ್ ಗ್ರೇಡ್ ಬರೆಯೋ ಕಡೆ ಹೋಗಿ" ಅಂದ್ರು. ಟೈರಾಡ್ಸ್ ಅಂದ್ರೆ ಗಂಟಿಗೆ ಅಂಕ ಹಾಕೋ ಪದ್ಧತಿ, ಮುಂದೆ ಹೇಳ್ತೀನಿ. ಹಾಗೆ ಸಿಕ್ಕಿದ್ದು ಈ ಚಿಕ್ಕ ಸೆಂಟರ್.

ಇಲ್ಲಿ ಫೋನ್ ಮಾಡಿದಾಗ್ಲೇ ವ್ಯತ್ಯಾಸ ಗೊತ್ತಾಯ್ತು. ತಿಂಡಿ ತಿನ್ಕೊಂಡು ಬನ್ನಿ, ಹಳೇ ರಿಪೋರ್ಟು ಫಿಲಂ ಇದ್ರೆ ತನ್ನಿ, ಕಾಲರ್ ಇಲ್ದೇ ಇರೋ ಬಟ್ಟೆ ಹಾಕ್ಕೊಳ್ಳಿ, ಸರ ಜಾಸ್ತಿ ಹಾಕ್ಕೊಂಡು ಬರ್ಬೇಡಿ. ಬಾಗಿಲಲ್ಲಿ ಎಲ್ಲಾ ಸ್ಕ್ಯಾನಿಂಗ್ ಸೆಂಟರ್‌ನಲ್ಲೂ ಇರೋ ಬೋರ್ಡು, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅಂತ, ಅದು 1994ರ ಕಾಯ್ದೆ ಪ್ರಕಾರ ಹಾಕ್ಲೇಬೇಕು, ಕುತ್ತಿಗೆ ಸ್ಕ್ಯಾನ್‌ಗೆ ಬಂದವರು ಅದನ್ನ ನೋಡಿ ಗಾಬರಿ ಆಗೋದು ಬೇಡ.

ಒಳಗೆ ಸಿಸ್ಟರ್ ಒಬ್ರು, ಐವತ್ತರ ಆಸುಪಾಸು. ಮಾಂಗಲ್ಯ ಬಿಚ್ಚಿಡ್ಬೇಕಾ ಅಂತ ನಾನು ಕೇಳೋಕೆ ಮುಂಚೆನೇ "ಬಿಚ್ಚೋದೇನೂ ಬೇಡ ಕಣಮ್ಮ" ಅಂತ ಕರಿಮಣಿ ಸರನ ಕತ್ತಿನ ಹಿಂದಕ್ಕೆ ತಿರುಗಿಸಿ, ತಾಳಿನ ಒಂದು ಟಿಶ್ಯೂ ಪೇಪರಲ್ಲಿ ಸುತ್ತಿ ಭುಜದ ಪಕ್ಕ ಇಟ್ರು, ಜೆಲ್ ಮೆತ್ತಬಾರ್ದು ಅಂತ. ಅರಿಶಿನದ ದಾರ ಹಾಕ್ಕೊಂಡಿರೋರಿಗೂ ಹೀಗೇ ಮಾಡ್ತೀನಿ, ಬಿಚ್ಚು ಅಂದ್ರೆ ಕೆಲವರು ಸ್ಕ್ಯಾನೇ ಬೇಡ ಅಂತ ಎದ್ದು ಹೋಗ್ತಾರೆ ಅಂದ್ರು. ಆ ಒಂದು ಕೆಲಸಕ್ಕೇ ನಾನು ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ. ಆಮೇಲೆ ದಿಂಬನ್ನ ತಲೆ ಕೆಳಗಿಂದ ತೆಗೆದು ಭುಜದ ಕೆಳಗೆ ಇಟ್ರು, ತಲೆ ಹಿಂದಕ್ಕೆ ಬಾಗಿ ಗದ್ದ ಮೇಲೆ ಬಂತು, ಕುತ್ತಿಗೆ ಪೂರ್ತಿ ಚಾಚಿಕೊಳ್ತು. ಥೈರಾಯ್ಡ್ ಸ್ಕ್ಯಾನ್‌ಗೆ ಮಲಗೋದು ಹೀಗೆ. ಹೀಗೆ ಮಲಗಿಸ್ದೇ ಇದ್ರೆ ಗ್ರಂಥಿಯ ಕೆಳಭಾಗ ಎದೆ ಮೂಳೆ ಹಿಂದೆ ಅಡಗಿಕೊಳ್ಳಬಹುದು. ಸರ್ವೈಕಲ್ ತೊಂದ್ರೆ, ಕತ್ತು ನೋವು, ತಲೆ ಸುತ್ತು ಇರೋರು ಮೊದಲೇ ಹೇಳ್ಬಿಡಿ, ಹದಿನೈದು ಇಪ್ಪತ್ತು ನಿಮಿಷ ಹಾಗೇ ಇರ್ಬೇಕಾಗುತ್ತೆ, ಮುಗಿದ್ಮೇಲೆ ಧಡಕ್ಕಂತ ಏಳ್ಬೇಡಿ, ಪಕ್ಕಕ್ಕೆ ಹೊರಳಿ ನಿಧಾನಕ್ಕೆ ಏಳಿ.

ಜೆಲ್ ತಣ್ಣಗಿತ್ತು, ಅದೊಂದು ಬಿಟ್ರೆ ನೋವು ಉರಿ ಏನೂ ಇಲ್ಲ. ಇದು ಎಕ್ಸ್‌ರೇ ಅಲ್ಲ, ಶಬ್ದದ ಅಲೆ, ರೇಡಿಯೇಶನ್ ಇಲ್ಲವೇ ಇಲ್ಲ, ಬಸುರಿ ಹೆಂಗಸರಿಗೂ ಮಕ್ಕಳಿಗೂ ಮಾಡ್ಬಹುದು. ರೇಡಿಯಾಲಜಿಸ್ಟ್ (ಸ್ಕ್ಯಾನ್ ಮಾಡೋ ಡಾಕ್ಟ್ರು) ಮೇಡಂ ಮೊದಲು ನನ್ನ ಬೆರಳಿಂದ್ಲೇ ಗಂಟು ಎಲ್ಲಿ ಅಂತ ತೋರಿಸ್ಕೊಂಡ್ರು, ಆಮೇಲೆ ಬಲಗಡೆ ಅಡ್ಡ, ಉದ್ದ, ಎಡಗಡೆ ಅಡ್ಡ, ಉದ್ದ, ಮಧ್ಯದ ಸೇತುವೆ ಥರ ಇರೋ ಇಸ್ತಮಸ್, ಎಲ್ಲಾ ಅಳ್ದು ನಿಲ್ಸಿ ನಿಲ್ಸಿ ಫೋಟೋ ತೆಗೆದ್ರು. ಸ್ಕ್ರೀನ್ ನನ್ನ ಕಡೆ ಸ್ವಲ್ಪ ತಿರುಗಿಸಿದ್ರು. ಬೂದಿ ಬಣ್ಣದ ಗ್ರಂಥಿ, ಅದರ ಪಕ್ಕದಲ್ಲೇ ಒಂದು ಕಪ್ಪು ಉಂಡೆ ಮಿಡೀತಾ ಇತ್ತು, ಅದು ಮಿದುಳಿಗೆ ರಕ್ತ ಹೋಗೋ ಕೆರೋಟಿಡ್ ರಕ್ತನಾಳ, ಅದರ ಪಕ್ಕ ಇನ್ನೊಂದು ಕಪ್ಪು, ಪ್ರೋಬ್ (ಕುತ್ತಿಗೆ ಮೇಲೆ ಓಡಿಸೋ ಸ್ಕ್ಯಾನ್ ಹಿಡಿ) ಸ್ವಲ್ಪ ಒತ್ತಿದ ತಕ್ಷಣ ಚಪಾತಿ ಥರ ಚಪ್ಪಟೆ ಆಗೋಯ್ತು, ಅದು ಅಭಿಧಮನಿ. ಎಡಗಡೆ ಬಂದಾಗ ಒಂದು ದುಂಡಗಿನ ಗಂಟು ಥರ ಕಾಣ್ತು, ನನ್ನ ಎದೆ ಧಸಕ್ ಅಂತು. ಮೇಡಂ "ಉಗುಳು ನುಂಗಿ" ಅಂದ್ರು, ನುಂಗಿದೆ, ಆ ಗಂಟಿನ ಮಧ್ಯೆ ಬಿಳಿ ಬಿಳಿ ಏನೋ ಸರ್ ಅಂತ ಹರಿದು ಹೋಯ್ತು. "ಇದು ನಿಮ್ಮ ಅನ್ನನಾಳ, ಹೆದರ್ಕೋಬೇಡಿ, ಎಡಗಡೆ ಗ್ರಂಥಿ ಹಿಂದೆ ಹೀಗೇ ಕಾಣುತ್ತೆ" ಅಂದ್ರು. ಮೂರು ನಿಮಿಷದಲ್ಲಿ ಮುಗಿಸಿದ್ರೆ ಇದನ್ನೆಲ್ಲ ಯಾರು ನುಂಗ್ಸಿ ನೋಡ್ತಾರೆ ಹೇಳಿ.

ಆಮೇಲೆ ಕಿವಿ ಕೆಳಗಿಂದ ಹಿಡಿದು ಕೊರಳ ಮೂಳೆ ತನಕ ಎರಡೂ ಪಕ್ಕ ಪ್ರೋಬ್ ಓಡಿಸಿದ್ರು. ಗಂಟಿರೋದು ಮಧ್ಯದಲ್ಲಿ, ಪಕ್ಕ ಯಾಕೆ ಅಂತ ಕೇಳ್ದೆ. ಲಿಂಫ್ ನೋಡ್‌ಗೋಸ್ಕರ (ಕುತ್ತಿಗೆ ಪಕ್ಕದ ಚಿಕ್ಕ ದುಗ್ಧ ಗ್ರಂಥಿ) ಅಂತೆ, ಥೈರಾಯ್ಡ್ ಕ್ಯಾನ್ಸರ್ ಹರಡಿದ್ರೆ ಸಾಮಾನ್ಯವಾಗಿ ಮೊದಲು ಅಲ್ಲೇ ಕಾಣೋದು, ಅದಕ್ಕೇ ಗಂಟು ನೋಡಿ ಅದನ್ನ ಬಿಟ್ರೆ ಸ್ಕ್ಯಾನ್ ಅರ್ಧಂಬರ್ಧ. ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ರಿಪೋರ್ಟಲ್ಲಿ ಚಿಕ್ಕ ಚಿಕ್ಕ ಲಿಂಫ್ ನೋಡ್ ಇದೆ, ಹೈಲಮ್ (ನೋಡ್‌ನ ಮಧ್ಯದ ಭಾಗ) ಚೆನ್ನಾಗಿದೆ ಅಂತ ಇದ್ರೆ ಅದು ಹೆದರೋ ವಿಷಯ ಅಲ್ಲ, ಉದ್ದುದ್ದಕ್ಕೆ ಹುರುಳಿಕಾಯಿ ಬೀಜದ ಆಕಾರದಲ್ಲಿ ಎಲ್ರ ಕುತ್ತಿಗೇಲೂ ಇರುತ್ತೆ.

ಈಗ ಟೈರಾಡ್ಸ್ ಅಂದ್ರೇನು ಅಂತ ಹೇಳ್ತೀನಿ, ಇದು ಅರ್ಥ ಆದ್ರೆ ನಿಮ್ಮ ರಿಪೋರ್ಟ್ ನೀವೇ ಅರ್ಧ ಓದ್ಕೋಬಹುದು. ಅಮೆರಿಕದ ರೇಡಿಯಾಲಜಿ ಕಾಲೇಜಿನವರು 2017ರಲ್ಲಿ ತಂದ ಅಂಕ ಹಾಕೋ ಪದ್ಧತಿ ಇದು. ಗಂಟಿನಲ್ಲಿ ಐದು ವಿಷಯ ನೋಡ್ತಾರೆ: ಒಳಗೆ ಗಟ್ಟಿ ಇದ್ಯಾ ನೀರಾ, ಸುತ್ತಲಿನ ಗ್ರಂಥಿಗಿಂತ ಕಪ್ಪಗಿದ್ಯಾ ಬೆಳ್ಳಗಿದ್ಯಾ, ಆಕಾರ ಅಗಲಾನಾ ಎತ್ತರಾನಾ, ಅಂಚು ನುಣುಪಾಗಿದ್ಯಾ ಚೂರುಚೂರಾ, ಒಳಗೆ ಬಿಳಿ ಚುಕ್ಕೆ ಇದ್ಯಾ. ಪ್ರತಿಯೊಂದಕ್ಕೂ ಅಂಕ, ಕೂಡಿಸಿದ್ರೆ 1ರಿಂದ 5ರ ತನಕ ಗ್ರೇಡ್. ನನ್ನದು ಪೂರ್ತಿ ಗಟ್ಟಿ, ಅದಕ್ಕೆ 2, ಬಣ್ಣ ಗ್ರಂಥಿ ಥರಾನೇ, ಅದಕ್ಕೆ 1, ಅಗಲವಾಗಿದೆ, ಅಂಚು ನುಣುಪು, ಚುಕ್ಕೆ ಇಲ್ಲ, ಮೂರಕ್ಕೂ ಸೊನ್ನೆ. ಒಟ್ಟು 3, ಗ್ರೇಡ್ 3. ಈ ಗ್ರೇಡಿಗೆ ಗಂಟು 25 ಮಿಲಿಮೀಟರ್ ದಾಟಿದ್ರೆ ಮಾತ್ರ ಸೂಜಿ, 15 ದಾಟಿದ್ರೆ ಆಗಾಗ ನೋಡ್ತಾ ಇರೋದು. ನನ್ನದು 18. ಅಂದ್ರೆ ಎಫ್‌ಎನ್‌ಎಸಿ ಬೇಡ, ಒಂದು, ಮೂರು, ಐದನೇ ವರ್ಷಕ್ಕೆ ಮತ್ತೆ ಸ್ಕ್ಯಾನ್. ಮೊದಲನೇ ಸೆಂಟರ್‌ನಲ್ಲೂ 18 ಮಿಲಿಮೀಟರೇ ಬಂದಿತ್ತು, ಅಳತೆ ತಪ್ಪಿರ್ಲಿಲ್ಲ. ಆದ್ರೆ ಅಳತೆ ಒಂದನ್ನೇ ಬರೆದು ಸೂಜಿ ಹಾಕಿಸಿ ಅಂದ್ಬಿಟ್ರಲ್ಲ, ಅದೇ ತಪ್ಪು.

ದೊಡ್ಡ ಗಂಟು ಕೆಟ್ಟದ್ದು, ಚಿಕ್ಕದು ಒಳ್ಳೇದು ಅಂತ ಲೆಕ್ಕ ಹಾಕೋರಿಗೆ ನಮ್ಮ ಚಿಕ್ಕಮ್ಮನ ಮಗಳ ವಿಷಯ ಹೇಳ್ಬೇಕು. ಅವಳದು ಬರೀ 12 ಮಿಲಿಮೀಟರ್, ನನ್ನದಕ್ಕಿಂತ ಚಿಕ್ಕದು. ಆದ್ರೆ ಕಪ್ಪಗಿತ್ತು, ಅಗಲಕ್ಕಿಂತ ಎತ್ತರ ಜಾಸ್ತಿ, ಅಂಚು ಹರಿದಂಗಿತ್ತು, ಒಳಗೆ ಬಿಳಿ ಚುಕ್ಕೆ ಚುಕ್ಕೆ, ಗ್ರೇಡ್ 5. ಗ್ರೇಡ್ 5ಕ್ಕೆ 10 ಮಿಲಿಮೀಟರ್ ಆದ್ರೇ ಸೂಜಿ. ಎಫ್‌ಎನ್‌ಎಸಿ ಅಂದ್ರೆ ಸ್ಕ್ಯಾನ್ ನೋಡ್ಕೊಂಡೇ ರಕ್ತ ತೆಗೆಯೋ ಸೂಜಿಗಿಂತ ತೆಳ್ಳಗಿರೋದ್ರಲ್ಲಿ ಎರಡು ಮೂರು ಸಲ ಚುಚ್ಚಿ ಜೀವಕೋಶ ತೆಗೀತಾರೆ, ಹತ್ತು ಹದಿನೈದು ನಿಮಿಷದ ಕೆಲಸ, ಚುಚ್ಚಿದಾಗ ನುಂಗ್ಬಾರ್ದು ಮಾತಾಡ್ಬಾರ್ದು ಅಷ್ಟೇ, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಮಾತ್ರ ಮೊದಲೇ ಹೇಳ್ಬೇಕು. ಆ ರಿಪೋರ್ಟಿಗೆ ಬೆಥೆಸ್ಡಾ ಅಂತ 1ರಿಂದ 6ರ ತನಕ ಬೇರೆ ನಂಬರ್ ಇರುತ್ತೆ, ಸ್ಕ್ಯಾನಿನ ಗ್ರೇಡಿಗೂ ಅದಕ್ಕೂ ಬೆರೆಸ್ಬೇಡಿ. ಬೆಥೆಸ್ಡಾ 2 ಅಂದ್ರೆ ಕ್ಯಾನ್ಸರ್ ಅಲ್ಲ, 1 ಅಂದ್ರೆ ಜೀವಕೋಶ ಸಾಕಷ್ಟು ಬಂದಿಲ್ಲ, ಇನ್ನೊಂದ್ಸಲ ಮಾಡ್ಬೇಕು, ತುಂಬಾ ಜನ 1 ಅಂದ್ರೆ ಎಲ್ಲಕ್ಕಿಂತ ಒಳ್ಳೇದು ಅಂದ್ಕೊಂಡು ಸುಮ್ನಾಗ್ತಾರೆ, ಅದು ತಪ್ಪು. ನಮ್ಮ ಹುಡುಗೀದು 6 ಬಂತು, ಆಪರೇಷನ್ ಆಯ್ತು, ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಥೈರಾಕ್ಸಿನ್ ಮಾತ್ರೆ, ಎಂದಿನಂತೆ ಸ್ಕೂಲಲ್ಲಿ ಪಾಠ ಮಾಡ್ತಾಳೆ. ಅವಳನ್ನ ಉಳಿಸಿದ್ದು ಆ ಸ್ಕ್ಯಾನ್ ಮಾಡಿದವರ ಕಣ್ಣು.

ಇದನ್ನ ಓದಿ ಎಲ್ರೂ ಓಡಿ ಹೋಗಿ ಸ್ಕ್ಯಾನ್ ಮಾಡಿಸ್ಕೊಳ್ಳಿ ಅಂತ ನಾನು ಹೇಳ್ತಿಲ್ಲ, ಅದಂತೂ ಬೇಡವೇ ಬೇಡ. ಈಗ ಹೆಲ್ತ್ ಚೆಕಪ್ ಪ್ಯಾಕೇಜ್‌ಗಳಲ್ಲಿ ಏನೂ ತೊಂದ್ರೆ ಇಲ್ದೋರಿಗೂ ಥೈರಾಯ್ಡ್ ಸ್ಕ್ಯಾನ್ ಸೇರಿಸಿ ಕೊಡ್ತಾರೆ. ಥೈರಾಯ್ಡ್ ಗಂಟು ಎಷ್ಟು ಸಾಮಾನ್ಯ ಅಂದ್ರೆ ವಯಸ್ಸಾದವರ ಕುತ್ತಿಗೆ ಮೇಲೆ ಪ್ರೋಬ್ ಇಟ್ರೆ ತುಂಬಾ ಜನಕ್ಕೆ ಏನಾದ್ರೂ ಒಂದು ಕಾಣುತ್ತೆ, ಅದ್ರಲ್ಲಿ ಬಹುಪಾಲು ಏನೂ ಮಾಡಲ್ಲ. ದಕ್ಷಿಣ ಕೊರಿಯಾದಲ್ಲಿ ಇದೇ ಆಯ್ತು, 1999ರಿಂದ ಅಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಶುರುವಾದಾಗ ಜನ ಅದರ ಜೊತೆಗೆ ಕಮ್ಮಿ ದುಡ್ಡಿಗೆ ಕುತ್ತಿಗೆ ಸ್ಕ್ಯಾನೂ ಮಾಡಿಸ್ಕೊಳ್ಳೋಕೆ ಶುರು ಮಾಡಿದ್ರು, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಆಗೋ ಪ್ರಮಾಣ 1993ಕ್ಕಿಂತ 15 ಪಟ್ಟು ಆಯ್ತು, ಆದ್ರೆ ಅದರಿಂದ ಸಾಯೋರ ಪ್ರಮಾಣ ಹಾಗೇ ಇತ್ತು. ಅಂದ್ರೆ ಯಾವತ್ತೂ ತೊಂದ್ರೆ ಕೊಡದ ಗಂಟಿಗೆ ಸಾವಿರಾರು ಜನ ಕುತ್ತಿಗೆ ಕುಯ್ಯಿಸ್ಕೊಂಡು ಜೀವನ ಪೂರ್ತಿ ಮಾತ್ರೆಗೆ ಬಿದ್ರು. ಗಂಟು ಕೈಗೆ ಸಿಕ್ತಿದ್ರೆ, ನುಂಗೋಕೆ ಕಷ್ಟ ಆಗ್ತಿದ್ರೆ, ಧ್ವನಿ ಒಡೆದು ಹಾಗೇ ಉಳಿದ್ರೆ, ಮನೇಲಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ರೆ, ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಶನ್ ಕೊಟ್ಟಿದ್ರೆ ಡಾಕ್ಟ್ರನ್ನ ನೋಡಿ, ಅವರು ಬರ್ಕೊಟ್ರೆ ಮಾಡಿಸಿ. ಪ್ಯಾಕೇಜಲ್ಲಿ ಫ್ರೀ ಇದೆ ಅಂತ ಬೇಡ.

ನಮ್ಮಮ್ಮನ ಕಡೆ ಊರು ಕೊಪ್ಪದ ಹತ್ರ, ಅಲ್ಲಿ ಅಜ್ಜಿ ಕಾಲದಲ್ಲಿ ಗಳಗಂಡ ಅಂದ್ರೆ ಮನೆ ಮನೆ ಮಾತು, ಅಯೋಡಿನ್ ಉಪ್ಪು ಬರೋಕೆ ಮುಂಚಿನ ಕಥೆ. ಅಜ್ಜಿ ಕುತ್ತಿಗೆ ಗಡ್ಡೆ ಮುಚ್ಚೋಕೆ ಸೆರಗು ಸುತ್ಕೊಂಡೇ ಇರ್ತಿದ್ರು, ಅದು ಏನು ಅಂತ ಯಾರೂ ನೋಡ್ಲೇ ಇಲ್ಲ. ಮೊದಲನೇ ಸಲ ಸ್ಕ್ರೀನ್ ಮೇಲೆ ನನ್ನ ಗಂಟು ನೋಡಿದಾಗ ನೆನಪಾಗಿದ್ದು ಆ ಸೆರಗೇ.

ಹೋದ ವಾರದ್ದು ಒಂದನೇ ವರ್ಷದ ಸ್ಕ್ಯಾನ್. ಅದೇ ಸೆಂಟರ್, ಅದೇ ಮೇಡಂ, ಅದೇ ಮಿಷಿನ್, ನಾನು ಬೇಕಂತ್ಲೇ ಬೇರೆ ಕಡೆ ಹೋಗ್ಲಿಲ್ಲ, ಯಾಕಂದ್ರೆ ಒಬ್ರು ಅಳೆದಿದ್ದಕ್ಕೂ ಇನ್ನೊಬ್ರು ಅಳೆದಿದ್ದಕ್ಕೂ ಒಂದೆರಡು ಮಿಲಿಮೀಟರ್ ಆಚೆ ಈಚೆ ಆಗೇ ಆಗುತ್ತೆ. ಹಳೇ ಫೋಟೋ ತೆಗೆದು ಪಕ್ಕ ಪಕ್ಕ ಇಟ್ಕೊಂಡು ಅಳೆದ್ರು. ಈ ಸಲ 19. ನನ್ನ ಮುಖ ನೋಡಿ ಅವರೇ ಹೇಳಿದ್ರು, "ಒಂದು ಮಿಲಿಮೀಟರ್ ಬೆಳೆದಿದೆ ಅಂತ ಲೆಕ್ಕಕ್ಕೆ ತಗೊಳ್ಳಲ್ಲಮ್ಮ, ಕಮ್ಮಿ ಅಂದ್ರೂ ಎರಡು ಕಡೆ ಅಳತೇಲಿ ಶೇಕಡಾ 20 ಜಾಸ್ತಿ ಆಗ್ಬೇಕು, ಒಂದೊಂದು ಕಡೆನೂ 2 ಮಿಲಿಮೀಟರ್ ಆದ್ರೂ ಬೆಳೆದಿರ್ಬೇಕು, ಆಗ ಬೆಳೆದಿದೆ ಅಂತೀವಿ." ಮೂರು ಕಡೆ ಅಳತೆ ಯಾಕೆ ಬರೀಬೇಕು ಅಂತ ಆಗ ಅರ್ಥ ಆಯ್ತು. ಮೊದಲನೇ ಸೆಂಟರ್ ಥರ ಒಂದೇ ನಂಬರ್ ಬರೆದಿದ್ರೆ ಹೋಲಿಸೋದು ಯಾವುದಕ್ಕೆ?

ಅದಕ್ಕೇ ರಿಪೋರ್ಟ್ ಕೈಗೆ ಬಂದ ತಕ್ಷಣ ಕೌಂಟರ್ ಹತ್ರಾನೇ ನಿಂತು ಓದಿ. ಎರಡೂ ಲೋಬ್ ಅಳತೆ, ಗಂಟಿದ್ರೆ ಎಲ್ಲಿದೆ, ಮೂರು ಅಳತೆ, ಆ ಐದು ಗುಣ, ಗ್ರೇಡ್, ಲಿಂಫ್ ನೋಡ್ ಬಗ್ಗೆ ಒಂದು ಸಾಲು, ಡಾಕ್ಟ್ರ ಸಹಿ, ಇಷ್ಟು ಇರ್ಬೇಕು. ಇಲ್ದಿದ್ರೆ ಅಲ್ಲೇ ಕೇಳಿ, ದುಡ್ಡು ಕೊಟ್ಟಿರ್ತೀವಿ, ಸಂಕೋಚ ಬೇಡ. ಫೋಟೋಗಳನ್ನೂ ಇಸ್ಕೊಳ್ಳಿ, ಬರೀ ಹಾಳೆ ಸಾಲಲ್ಲ.

ಸೆಂಟರ್ ಬಗ್ಗೆ ಉಳಿದಿದ್ದು: ನಾನು ಕೊಟ್ಟಿದ್ದು 1,100 ರೂಪಾಯಿ, ದೊಡ್ಡ ಸೆಂಟರ್‌ಗಿಂತ ನೂರು ಕಮ್ಮಿ. ಟೈಮ್ ಕೊಟ್ಟು ಕರೀತಾರೆ, ಎರಡೂ ಸಲ ಕಾಲು ಗಂಟೆಗಿಂತ ಹೆಚ್ಚು ಕಾಯ್ಲಿಲ್ಲ. ರಿಪೋರ್ಟ್ ಅರ್ಧ ಗಂಟೇಲಿ ಸಿಗುತ್ತೆ. ಗಾಡಿ ನಿಲ್ಸೋಕೆ ಜಾಗ ಇಲ್ಲ, ಮೆಟ್ಟಿಲು ಒಂಬತ್ತು ಹತ್ಬೇಕು, ಕೈಕಂಬಿ ಒಂದೇ ಕಡೆ ಇದೆ, ವಯಸ್ಸಾದವರನ್ನ ಕರ್ಕೊಂಡು ಹೋದ್ರೆ ಜೊತೆಗೆ ಒಬ್ರು ಬೇಕು. ಇದನ್ನ ಮೇಡಂಗೂ ಹೇಳಿದೀನಿ, ಇನ್ನೊಂದು ಕಡೆನೂ ಹಾಕಿಸ್ತೀನಿ ಅಂದಿದಾರೆ. ಮುಂದಿನ ಸ್ಕ್ಯಾನ್ ಇನ್ನೆರಡು ವರ್ಷಕ್ಕೆ. ಎರಡೂ ವರ್ಷದ ಫಿಲಂನ ಮಗಳ ಮಾರ್ಕ್ಸ್ ಕಾರ್ಡ್ ಇಡೋ ಫೈಲಲ್ಲೇ ಇಟ್ಟಿದೀನಿ.